ಕೊನೆಯ ಒಂದು ಸೆಂಟಿಮೀಟರು
ಚಿಪ್‌ಗಳನ್ನು ಕುರಿತ ನಮ್ಮ ಸಂಭ್ರಮವೆಲ್ಲ ತಯಾರಿಕೆಯ ಸುತ್ತಲೇ. ಅವುಗಳ ಬಾಳಿಕೆಯನ್ನು ಅಳೆಯುವ ವಿದ್ಯೆಗೆ ಪಂಕ್ತಿಯಲ್ಲಿ ಕೊನೆಯ ಎಲೆ. ಇದು ಸರಿಯಲ್ಲ.

ಒಣಹವೆಯಲ್ಲಿ ಬೆರಳ ತುದಿಯಿಂದ ಸಿಡಿಯುವ ಸ್ಥಾಯಿ ವಿದ್ಯುತ್ತನ್ನು ಚಿಪ್ ತಾಳೀತೇ ಎಂಬ ಪ್ರಶ್ನೆಯನ್ನೇ ನೋಡಿ. ಅಷ್ಟು ಪ್ರವಾಹವನ್ನು ಎಡೆಬಿಡದೆ ಹರಿಸಿದರೆ ಅದು ಕಾದು ಸುಟ್ಟೇಹೋಗುತ್ತದೆ. ಎಲ್ಲಿ ಸೋಲತೊಡಗಿತೆಂಬುದು ತಿಳಿಯದು. ಆದ್ದರಿಂದ 1985ರಲ್ಲಿ ಮಲೋನಿ ಮತ್ತು ಖುರಾನಾ ಮುಂದಿಟ್ಟ ವಿಧಾನದಲ್ಲಿ ಕೋಆಕ್ಸಿಯಲ್ ಕೇಬಲ್ಲೊಂದರಲ್ಲಿ ವಿದ್ಯುದಾವೇಶ ತುಂಬಿ ಒಮ್ಮೆಲೇ ಬಿಡುತ್ತಾರೆ. ಸುಮಾರು 10 ಮೀಟರ್ ಕೇಬಲ್ಲಿಗೆ 100 ನ್ಯಾನೊಸೆಕೆಂಡಿನ ಆಯತಾಕಾರದ ಸ್ಪಂದ. ಕಾಲವನ್ನು ಗಜಕಡ್ಡಿಯಿಂದ ಅಳೆದುಕೊಟ್ಟಂತೆ!

ಕಷ್ಟವಿರುವುದು ಚಿಪ್ಪಿಗೆ ತಾಗುವ ಕೊನೆಯ ಒಂದು ಸೆಂಟಿಮೀಟರ್ ತಂತಿಯಲ್ಲಿ. ಅದರ ಪ್ರೇರಕತ್ವ ಸುಮಾರು 10 ನ್ಯಾನೊಹೆನ್ರಿ; ಒಂದು ನ್ಯಾನೊಸೆಕೆಂಡಿನಲ್ಲಿ ಒಂದು ಆಂಪಿಯರ್ ಏರಿದರೆ ತಂತಿಯ ಮೇಲೆಯೇ 10 ವೋಲ್ಟ್ ಕಾಣುತ್ತದೆ. ಅದನ್ನು ಚಿಪ್ಪಿನ ಖಾತೆಗೆ ಬರೆದರೆ ವರದಿಯೇ ಸುಳ್ಳು. ಪ್ರವಾಹಕ್ಕೊಂದು ಜೋಡಿ, ಅಳತೆಗೆ ಬೇರೊಂದು ಜೋಡಿ ತಂತಿಯಿಟ್ಟು, ತೊನೆದಾಟ ಅಡಗಿದ ಮೇಲೆ ಓದಬೇಕು. ಇದಕ್ಕೆ ಹಣಕ್ಕಿಂತ ಹೆಚ್ಚಾಗಿ ವ್ಯವಧಾನ ಬೇಕು. ಖರೀದಿ ಕಡತಗಳಲ್ಲಿ ವ್ಯವಧಾನಕ್ಕೆ ಅಂಕಣವಿಲ್ಲ, ಬಿಡಿ. ಕಾರ್ಖಾನೆಗೆ ಶಿಲಾನ್ಯಾಸದ ಫಲಕವುಂಟು, ಪರೀಕ್ಷಾ ಮೇಜಿಗಿಲ್ಲ. ಎದೆಯೊಳಗೆ ಪೇಸ್‌ಮೇಕರ್ ಇರಿಸಿಕೊಂಡವರು ನಂಬಿರುವುದು ಮಾತ್ರ ಆ ಮೇಜನ್ನೇ. ಪ್ರತಿ ಹೊಸ ಕಾರ್ಖಾನೆಯ ಜೊತೆಗೆ ಅಂಥ ಕೆಲವು ಮೇಜುಗಳನ್ನೂ, ಅವುಗಳ ಮುಂದೆ ಅವಸರವಿಲ್ಲದೆ ಕೂರುವವರನ್ನೂ ಕೇಳುವುದು ಅತಿಯಾಸೆಯೆಂದು ನನಗನ್ನಿಸುವುದಿಲ್ಲ.