ಫೋನ್‌ಗೆ ಸಿಗುವ ವೈಫೈ ಹಳೆಯ ಲ್ಯಾಪ್‌ಟಾಪ್‌ಗೆ ಏಕೆ ಸಿಗುವುದಿಲ್ಲ? ಫಾರ್ವರ್ಡ್ ಸಲಹೆಗಳಲ್ಲಿ ಸತ್ಯ ಎಷ್ಟು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ವಿಜಯನಗರ ಜಿಲ್ಲೆಯ ಈ ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ಅಣ್ಣನೋ ಅಕ್ಕನೋ ಕಾಲೇಜಿನಲ್ಲಿ ಬಳಸಿದ ಲ್ಯಾಪ್‌ಟಾಪ್ ಈಗ ತಮ್ಮ, ತಂಗಿಯ ಕೈಯಲ್ಲಿದೆ. ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ಬಂದಾಗಲೇ ಅದು ವೈಫೈ ಹಿಡಿಯುವುದಿಲ್ಲ. ಆಗ ವಾಟ್ಸಾಪ್‌ನಲ್ಲಿ ಸಲಹೆಗಳು ಬರುತ್ತವೆ: ‘ಹಳೆಯದಕ್ಕೆ 5ಜಿ ಬರಲ್ಲ, ಹೊಸದು ತಗೊಳ್ಳಿ’, ‘ರೂಟರ್‌ಗೆ ಫಾಯಿಲ್ ಸುತ್ತಿ’, ‘ಈ ಲಿಂಕ್ ಒತ್ತಿ ಡ್ರೈವರ್ ಹಾಕಿ’. ಇವುಗಳಲ್ಲಿ ಎಷ್ಟು ನಿಜ ಎಂದು ನಾವು ಇಲ್ಲಿ ನೋಡೋಣ.

ವೈಫೈ ಹೆಸರಿನಲ್ಲಿರುವ ‘5ಜಿ’ ಮೊಬೈಲ್ 5ಜಿ ಅಲ್ಲ

ಹಲವು ರೂಟರ್‌ಗಳು ಎರಡು ಹೆಸರು ತೋರಿಸುತ್ತವೆ. ಒಂದರ ಕೊನೆಗೆ ‘5ಜಿ’ ಎಂದಿರುತ್ತದೆ. ಅದು ಮೊಬೈಲ್ ಕಂಪನಿಗಳ 5ಜಿ ಸೇವೆಯಲ್ಲ, 5 ಗಿಗಾಹರ್ಟ್ಸ್ ತರಂಗಾಂತರದ ವೈಫೈ. ಇನ್ನೊಂದು 2.4 ಗಿಗಾಹರ್ಟ್ಸ್‌ನದು. ಹತ್ತು ಹನ್ನೆರಡು ವರ್ಷ ಹಳೆಯದಾದ, ಕಡಿಮೆ ಬೆಲೆಯ ಅನೇಕ ಲ್ಯಾಪ್‌ಟಾಪ್‌ಗಳ ವೈಫೈ ಕಾರ್ಡ್‌ಗೆ 2.4 ಮಾತ್ರ ಗೊತ್ತು. 5 ಗಿಗಾಹರ್ಟ್ಸ್ ಹೆಸರು ಅದರ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. ಲ್ಯಾಪ್‌ಟಾಪ್ ಕೆಟ್ಟಿದೆ ಎಂದು ಇದರ ಅರ್ಥವಲ್ಲ.

ಫೋನ್ ಹಾಟ್‌ಸ್ಪಾಟ್‌ಗೂ ಇದೇ ಮಾತು. ಆಂಡ್ರಾಯ್ಡ್ ಫೋನ್‌ನ ಹಾಟ್‌ಸ್ಪಾಟ್ ಸೆಟ್ಟಿಂಗ್ಸ್‌ನಲ್ಲಿ ‘ಬ್ಯಾಂಡ್’ ಎಂಬಲ್ಲಿ 2.4 ಆರಿಸಿ. ಐಫೋನ್ 12 ಅಥವಾ ಅದರ ನಂತರದ್ದಾದರೆ ‘ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ’ ಆನ್ ಮಾಡಿ. ಹೆಸರು ಕಂಡರೂ ಪಾಸ್‌ವರ್ಡ್ ಸರಿಯಿದ್ದೂ ಸೇರಲಾಗದಿದ್ದರೆ, ಭದ್ರತೆಯ ಆಯ್ಕೆ ‘ಡಬ್ಲ್ಯೂಪಿಎ3’ ಮಾತ್ರ ಇದೆಯೇ ನೋಡಿ. ಹಳೆಯ ಕಾರ್ಡ್‌ಗಳಿಗೆ ‘ಡಬ್ಲ್ಯೂಪಿಎ2’ ಬೇಕು.

ನಿಧಾನವಾದ 2.4ಕ್ಕೆ ಒಂದು ಅನುಕೂಲವೂ ಇದೆ. ಅದು ಗೋಡೆ ದಾಟುವುದರಲ್ಲಿ 5 ಗಿಗಾಹರ್ಟ್ಸ್‌ಗಿಂತ ಮುಂದು. ದಪ್ಪ ಕಲ್ಲುಗೋಡೆಯ ಹಳೆಯ ಮಾಳಿಗೆ ಮನೆಯಲ್ಲಿ ಪಡಸಾಲೆಯ ರೂಟರ್‌ನಿಂದ ಒಳಕೋಣೆಗೆ ಸಿಗ್ನಲ್ ತಲುಪಬೇಕೆಂದರೆ ಹೊಸ ಲ್ಯಾಪ್‌ಟಾಪ್‌ಗೂ ಇದೇ ಹೆಚ್ಚು ಉಪಯೋಗ.

ವೈಫೈ ಸಿಕ್ಕಿದೆ, ಆದರೆ ವೆಬ್‌ಸೈಟ್ ತೆರೆಯುತ್ತಿಲ್ಲ

‘ನಿಮ್ಮ ಸಂಪರ್ಕ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಎಲ್ಲ ವೆಬ್‌ಸೈಟ್‌ಗಳಲ್ಲೂ ಬರುತ್ತಿದೆಯೇ? ಮೊದಲು ಲ್ಯಾಪ್‌ಟಾಪ್‌ನ ದಿನಾಂಕ ನೋಡಿ. ಪ್ರತಿ ಸುರಕ್ಷಿತ ವೆಬ್‌ಸೈಟ್‌ಗೂ ಇಂತಿಂಥ ದಿನದವರೆಗೆ ಮಾನ್ಯ ಎಂಬ ಡಿಜಿಟಲ್ ಪ್ರಮಾಣಪತ್ರವಿರುತ್ತದೆ. ಲ್ಯಾಪ್‌ಟಾಪ್‌ನ ಗಡಿಯಾರ ಹಲವು ವರ್ಷ ಹಿಂದಿದ್ದರೆ, ಅದರ ಲೆಕ್ಕದಲ್ಲಿ ಆ ಪ್ರಮಾಣಪತ್ರ ಇನ್ನೂ ಜಾರಿಗೇ ಬಂದಿಲ್ಲ. ದಿನಾಂಕ ಸರಿಪಡಿಸಿದರೆ ಸಾಕು. ಆಫ್ ಮಾಡಿದಾಗಲೆಲ್ಲ ದಿನಾಂಕ ಹಿಂದಕ್ಕೆ ಹೋಗುತ್ತಿದ್ದರೆ ಒಳಗಿನ ಚಿಕ್ಕ ಬಟನ್ ಸೆಲ್ ಮುಗಿದಿರಬಹುದು. ಅದನ್ನು ಬದಲಿಸಲು ದೊಡ್ಡ ಖರ್ಚಿಲ್ಲ.

ತೊಂದರೆ ಎಲ್ಲಿದೆ ಎಂದು ಹುಡುಕುವ ಕ್ರಮ

1. ಅದೇ ವೈಫೈನಲ್ಲಿ, ಮೊಬೈಲ್ ಡೇಟಾ ಆಫ್ ಮಾಡಿ, ಫೋನ್‌ನಲ್ಲಿ ಇಂಟರ್ನೆಟ್ ಬರುತ್ತದೆಯೇ ನೋಡಿ. ಬರದಿದ್ದರೆ ತೊಂದರೆ ರೂಟರ್‌ನದ್ದು ಅಥವಾ ಲೈನ್‌ನದ್ದು.

2. ಏರ್‌ಪ್ಲೇನ್ ಮೋಡ್ ಆಫ್ ಇದೆಯೇ ನೋಡಿ. ಹಳೆಯ ಕೆಲವು ಲ್ಯಾಪ್‌ಟಾಪ್‌ಗಳ ಅಂಚಿನಲ್ಲಿ ವೈಫೈಗೇ ಒಂದು ಸ್ವಿಚ್ ಇರುತ್ತದೆ. ಕೈ ತಾಗಿ ಅದು ಆಫ್ ಆಗಿರಬಹುದು.

3. ಯುಎಸ್‌ಬಿ ಕೇಬಲ್‌ನಿಂದ ಫೋನ್ ಜೋಡಿಸಿ, ಫೋನ್‌ನಲ್ಲಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ. ಇಂಟರ್ನೆಟ್ ಬಂದರೆ ಲ್ಯಾಪ್‌ಟಾಪ್ ಚೆನ್ನಾಗಿದೆ, ಅನುಮಾನ ವೈಫೈ ಭಾಗದ ಮೇಲೆ ಮಾತ್ರ. ಅರ್ಜಿಗೆ ಇವತ್ತೇ ಕೊನೆಯ ದಿನವಾದರೆ ಹೀಗೆಯೇ ಕೆಲಸ ಮುಗಿಸಿ.

4. ‘ಡಿವೈಸ್ ಮ್ಯಾನೇಜರ್’ನಲ್ಲಿ ವೈಫೈ ಕಾರ್ಡ್‌ನ ಹೆಸರೇ ಇಲ್ಲದಿದ್ದರೆ ಅದು ಸಡಿಲವಾಗಿರಬಹುದು ಅಥವಾ ಕೆಟ್ಟಿರಬಹುದು. ಆಗಲೂ ಕೆಲವು ನೂರು ರೂಪಾಯಿಯ ಯುಎಸ್‌ಬಿ ವೈಫೈ ಅಡಾಪ್ಟರ್ ಸಾಕಾಗುತ್ತದೆ.

ಫಾಯಿಲ್ ಮತ್ತು ಲಿಂಕ್

ಲೋಹ ರೇಡಿಯೊ ಅಲೆಗಳನ್ನು ಹಿಂದಕ್ಕೆ ತಳ್ಳುತ್ತದೆ. ರೂಟರ್‌ನ ಒಂದು ಬದಿಗೆ ಫಾಯಿಲ್ ಇಟ್ಟರೆ ಇನ್ನೊಂದು ಬದಿಗೆ ಸಿಗ್ನಲ್ ತುಸು ಹೆಚ್ಚಬಹುದು, ಆದರೆ ಫಾಯಿಲ್ ಇಟ್ಟ ಕಡೆ ಕಡಿಮೆಯಾಗುತ್ತದೆ. ಪೂರ್ತಿ ಸುತ್ತಿದರೆ ಸಿಗ್ನಲ್ ಹೊರಗೆ ಬರುವ ದಾರಿಯೇ ಮುಚ್ಚಿದಂತೆ.

ಫಾರ್ವರ್ಡ್ ಲಿಂಕ್‌ನ ‘ಡ್ರೈವರ್’ ಇದಕ್ಕಿಂತ ಅಪಾಯಕಾರಿ. ಪಾಸ್‌ವರ್ಡ್ ಕದಿಯುವ ತಂತ್ರಾಂಶ ಅದರ ಜೊತೆ ಬರಬಹುದು. ಡ್ರೈವರ್ ಬೇಕಾದರೆ ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯ ಸ್ವಂತ ವೆಬ್‌ಸೈಟ್‌ನಿಂದಲೇ ಇಳಿಸಿಕೊಳ್ಳಿ.

‘ಹಳೆಯದು’ ಎಂಬ ಮಾತಿನಲ್ಲಿ ಒಂದು ನಿಜವಿದೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2020ರ ಜನವರಿ 14ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಭದ್ರತಾ ಅಪ್‌ಡೇಟ್ ಸಿಗದ ಲ್ಯಾಪ್‌ಟಾಪ್‌ನಲ್ಲಿ ಬ್ಯಾಂಕ್ ವ್ಯವಹಾರ ಬೇಡ. ಆದರೆ ವೈಫೈ ಸಿಗದಿರುವುದಕ್ಕೆ ಅದೇ ಕಾರಣ ಎನ್ನಲಾಗದು.

ಕೊನೆಯ ಮಾತು

ಫೋನ್‌ಗೆ ಸಿಗುವ ವೈಫೈ ಲ್ಯಾಪ್‌ಟಾಪ್‌ಗೆ ಸಿಗದಿದ್ದರೆ ಹೊಸದು ಕೊಳ್ಳುವ ಮುನ್ನ 2.4 ಗಿಗಾಹರ್ಟ್ಸ್, ದಿನಾಂಕ ಮತ್ತು ಯುಎಸ್‌ಬಿ ಕೇಬಲ್, ಈ ಮೂರನ್ನು ಪರೀಕ್ಷಿಸಿ. ಮುಂದಿನ ಸಲ ‘ಫಾಯಿಲ್ ಸುತ್ತಿ’ ಎಂಬ ಸಂದೇಶ ಬಂದರೆ, ಅದರ ಬದಲು ಈ ಮೂರು ಮಾತನ್ನು ಮುಂದಕ್ಕೆ ಕಳಿಸಿ.