ಅಂತಿಮ ಬಿಲ್ಲಿಗೆ ಮುಂಚೆ ಒಂದು ಸಹಿ

ಅರ್ಧ ಅಡಿ ಎತ್ತರದ ಮೂರು ಮೆಟ್ಟಿಲು ಎಂದರೆ ಒಂದೂವರೆ ಅಡಿ. ಗಾಲಿಕುರ್ಚಿಯಲ್ಲಿ ಕೂತವರು ಯಾರ ನೆರವನ್ನೂ ಬೇಡದೆ ಅಷ್ಟು ಎತ್ತರ ಏರಬೇಕಾದರೆ 18 ಅಡಿ ಉದ್ದದ ಇಳಿಜಾರು ಬೇಕು. ಒಂದು ಅಡಿ ಏರಿಗೆ ಹನ್ನೆರಡು ಅಡಿ ಉದ್ದ: ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿಯಲ್ಲಿರುವ ಲೆಕ್ಕ ಇದು. ಈಗ ನಿಮ್ಮೂರಿನ ಪಂಚಾಯಿತಿ ಕಚೇರಿಯದೋ ಅಂಗನವಾಡಿಯದೋ ರ‍್ಯಾಂಪನ್ನು ನೆನಪಿಸಿಕೊಳ್ಳಿ. ಹೆಚ್ಚಿನ ಕಡೆ ಐದಾರು ಅಡಿಯಲ್ಲೇ ಬಾಗಿಲ ಎತ್ತರ ಮುಟ್ಟಿಸಿ, ಮೇಲೆ ಸಿಮೆಂಟು ನುಣ್ಣಗೆ ಸವರಿ ಮುಗಿಸಿರುತ್ತಾರೆ. ಸಿಬ್ಬಂದಿಯ ಬೈಕು ಒಳಗಿಡಲು ಅದು ಅನುಕೂಲ. ಗಾಲಿಕುರ್ಚಿ ತಾನಾಗಿ ಅದನ್ನು ಏರದು. ಇಬ್ಬರು ಹಿಂದಿನಿಂದ ತಳ್ಳಿ ಹತ್ತಿಸಿದರೂ ಇಳಿಯುವಾಗ ಕೂತವರ ಜೀವ ಕೈಯಲ್ಲಿರುತ್ತದೆ. ಕಡತದಲ್ಲಿ ಮಾತ್ರ ‘ರ‍್ಯಾಂಪ್ ಒದಗಿಸಲಾಗಿದೆ’ ಎಂದು ದಾಖಲಾಗಿ, ಹಣವೂ ಪಾವತಿಯಾಗಿರುತ್ತದೆ.

ಅಂಗವಿಕಲರ ಓಡಾಟದ ಪ್ರಶ್ನೆ ಬಂದಾಗಲೆಲ್ಲ ನಾವು ಕಾನೂನಿನ ಬಗ್ಗೆ ಮಾತನಾಡುತ್ತೇವೆ, ಇಲ್ಲವೇ ಅನುಕಂಪದ ಬಗ್ಗೆ. ಎರಡಕ್ಕೂ ಕೊರತೆಯಿಲ್ಲ. ಕೊರತೆ ಇರುವುದು ಕಿರಿಯ ಎಂಜಿನಿಯರ್ ಬರೆಯುವ ಅಂದಾಜು ಪಟ್ಟಿಯಲ್ಲಿ, ಅಳತೆ ಪುಸ್ತಕದಲ್ಲಿ ಮತ್ತು ಕಟ್ಟಡ ಪರವಾನಗಿಯ ಕಡತದಲ್ಲಿ. ಈ ಮೂರೂ ಇರುವುದು ಸ್ಥಳೀಯ ಸಂಸ್ಥೆಯ ಕೈಯಲ್ಲಿ. ದೆಹಲಿಯಲ್ಲಿ ಎಷ್ಟೇ ಒಳ್ಳೆಯ ಕಾಯ್ದೆ ಆಗಲಿ, ಅದು ನಮ್ಮ ಬೀದಿಗೆ ಇಳಿಯುವುದು ಈ ಮೂರು ಕಾಗದಗಳ ಮೂಲಕವೇ.

ಸಂವಿಧಾನಕ್ಕೆ ಇದು ಗೊತ್ತಿತ್ತು. 73 ಮತ್ತು 74ನೇ ತಿದ್ದುಪಡಿಗಳ ಮೂಲಕ ಸೇರಿದ 11 ಮತ್ತು 12ನೇ ಪರಿಚ್ಛೇದಗಳಲ್ಲಿ ಅಂಗವಿಕಲರ ಹಿತವನ್ನು ಪಂಚಾಯಿತಿ, ಪುರಸಭೆಗಳ ವ್ಯಾಪ್ತಿಯ ವಿಷಯವಾಗಿ ಬರೆಯಲಾಗಿದೆ. ಅದೇ ಪಟ್ಟಿಗಳಲ್ಲಿ ರಸ್ತೆ, ಸೇತುವೆಗಳೂ ಇವೆ. ನಗರದ ಪಟ್ಟಿಯಲ್ಲಿ ಕಟ್ಟಡ ನಿರ್ಮಾಣದ ನಿಯಂತ್ರಣವೂ ಇದೆ. ಆದರೆ ನಮ್ಮ ಆಡಳಿತ ಇವುಗಳನ್ನು ಬೇರೆ ಬೇರೆ ಮೇಜುಗಳಿಗೆ ಹಂಚಿತು. ರಸ್ತೆ ಎಂಜಿನಿಯರ್ ಪಾಲಾಯಿತು, ಅಂಗವಿಕಲರು ಕಲ್ಯಾಣ ವಿಭಾಗದ ಗುಮಾಸ್ತರ ಪಾಲಾದರು. ಒಂದು ಮೇಜಿನವರು ಇನ್ನೊಂದು ಮೇಜಿನವರ ಜೊತೆ ಮಾತನಾಡುವ ಸಂದರ್ಭವೇ ಬರುವುದಿಲ್ಲ.

ಕಾನೂನಿನ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. 1995ರ ಕಾಯ್ದೆಯ ಜಾಗಕ್ಕೆ 2016ರಲ್ಲಿ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಬಂತು. ಏಳು ಬಗೆಯ ವೈಕಲ್ಯದ ಪಟ್ಟಿ 21ಕ್ಕೆ ಏರಿತು. 44ನೇ ಸೆಕ್ಷನ್ನಿನ ಪ್ರಕಾರ, ಮಾನದಂಡ ಪಾಲಿಸದ ನಕ್ಷೆಗೆ ಅನುಮತಿ ಕೊಡುವಂತಿಲ್ಲ, ಕಟ್ಟಡ ಮುಗಿದ ಮೇಲೆ ಪೂರ್ಣಗೊಂಡ ಪ್ರಮಾಣಪತ್ರವನ್ನೂ ಕೊಡುವಂತಿಲ್ಲ. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು 45ನೇ ಸೆಕ್ಷನ್ ಐದು ವರ್ಷ ಕೊಟ್ಟಿತ್ತು. ನಿಯಮಗಳು ಪ್ರಕಟವಾದದ್ದು 2017ರ ಜೂನ್‌ನಲ್ಲಿ, ಗಡುವು ಮುಗಿದದ್ದು 2022ರ ಜೂನ್‌ನಲ್ಲಿ. ಗಡುವು ಮುಗಿದ ದಿನ ಯಾವ ಕಚೇರಿಯಲ್ಲೂ ಗಂಟೆ ಬಾರಿಸಲಿಲ್ಲ. ದೃಷ್ಟಿದೋಷವುಳ್ಳ ರಾಜೀವ್ ರತೂರಿ ಅವರು 2005ರಲ್ಲಿ ಹೂಡಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಮತ್ತೊಂದು ತೀರ್ಪು ಕೊಟ್ಟಿತು. ಸುಗಮ್ಯತೆಯ ಮಾನದಂಡಗಳನ್ನು ಬರೀ ಶಿಫಾರಸಿನಂತೆ ಇರಿಸಿದ್ದ 15ನೇ ನಿಯಮದ ಭಾಗವನ್ನು ರದ್ದುಗೊಳಿಸಿ, ಕಡ್ಡಾಯವಾದ ಕನಿಷ್ಠ ಮಾನದಂಡ ರೂಪಿಸುವಂತೆ ಕೇಂದ್ರಕ್ಕೆ ಮೂರು ತಿಂಗಳು ಕೊಟ್ಟಿತು. ಪ್ರಮಾಣಪತ್ರ ತಡೆಹಿಡಿಯುವುದು, ದಂಡ ಹಾಕುವುದು ಜಾರಿಗೆ ಬರಲೇಬೇಕು ಎಂದೂ ಹೇಳಿತು. 2025ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ, ಅಂಗವಿಕಲರಿಗೂ ಸುಗಮವಾಗಿರುವ ಪಾದಚಾರಿ ಮಾರ್ಗ ಜೀವಿಸುವ ಹಕ್ಕಿನ ಭಾಗ ಎಂದಿತು. ಇನ್ನೆಷ್ಟು ಕಾನೂನು ಬೇಕು?

ಹಣವಿಲ್ಲ ಎಂಬ ಮಾತೂ ಪೂರ್ತಿ ನಿಜವಲ್ಲ. ಪುರಸಭೆಯ ಬಜೆಟ್ ನೋಡಿದವರಿಗೆ ‘24.10, 7.25, 5’ ಎಂಬ ಅಂಕಿಗಳು ಬಾಯಿಪಾಠ. ಮೊದಲನೆಯದು ಪರಿಶಿಷ್ಟರಿಗೆ, ಎರಡನೆಯದು ಇತರ ಬಡವರಿಗೆ, ಶೇಕಡ 5 ಅಂಗವಿಕಲರಿಗೆ ಮೀಸಲು. ಗ್ರಾಮ ಪಂಚಾಯಿತಿಗಳಿಗೂ ಶೇ 5ರ ನಿಯಮವಿದೆ. ಈ ಹಣದಲ್ಲಿ ನಮ್ಮ ಕಣ್ಣಿಗೆ ಬೀಳುವ ಭಾಗ ತ್ರಿಚಕ್ರ ಸ್ಕೂಟರ್ ವಿತರಣೆ. ಪುರಭವನದ ಮುಂದೆ ಸ್ಕೂಟರ್‌ಗಳ ಸಾಲು, ಹಾರ, ಶಾಸಕರಿಂದ ಕೀಲಿ ಹಸ್ತಾಂತರ, ಮರುದಿನ ಪತ್ರಿಕೆಯಲ್ಲಿ ಫೋಟೊ. ಸ್ಕೂಟರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅದು ಸಿಕ್ಕವನಿಗೆ ಕೆಲಸಕ್ಕೆ ಹೋಗಲು ದಾರಿಯಾಗುತ್ತದೆ, ಮಗಳನ್ನು ಶಾಲೆಗೆ ಬಿಡಲು ಆಗುತ್ತದೆ. ಆದರೆ ಅದರಲ್ಲಿ ಅವನು ಅದೇ ಪುರಸಭೆಗೆ ಕಂದಾಯ ಕಟ್ಟಲು ಬಂದಾಗ ಏನಾಗುತ್ತದೆ? ಸ್ಕೂಟರ್ ಮೆಟ್ಟಿಲ ಕೆಳಗೇ ನಿಲ್ಲುತ್ತದೆ; ಕೌಂಟರ್ ಮೊದಲ ಮಹಡಿಯಲ್ಲಿದೆ. ಫಲಾನುಭವಿಗೆ ವಸ್ತು ಕೊಟ್ಟರೆ ಒಂದು ಹೆಸರು, ಒಂದು ಫೋಟೊ ಸಿಗುತ್ತದೆ. ಚರಂಡಿ ಮೇಲಿನ ಸ್ಲ್ಯಾಬನ್ನು ಸಮ ಮಾಡಿದರೆ ಯಾರ ಹೆಸರೂ ಬರುವುದಿಲ್ಲ. ಸ್ಥಳೀಯ ರಾಜಕಾರಣದ ಈ ಸರಳ ಗಣಿತ ಅರ್ಥವಾಗದೆ ಶೇ 5ರ ಹಣ ಎತ್ತ ಹರಿಯುತ್ತದೆ ಎಂಬುದು ಅರ್ಥವಾಗುವುದಿಲ್ಲ.

ಇದರ ಇನ್ನೊಂದು ಮುಖ ಇನ್ನೂ ಕೆಟ್ಟದು. ಕಚೇರಿಗೆ ರ‍್ಯಾಂಪ್ ಕಟ್ಟಲು, ಶೌಚಾಲಯಕ್ಕೆ ಹಿಡಿಕೆ ಜೋಡಿಸಲು ಈ ಶೇ 5ರ ಹಣದಿಂದಲೇ ತೆಗೆಯುವುದು. ಕೇಳಲು ಸರಿಯೆನಿಸುತ್ತದೆ, ನನ್ನ ಮಟ್ಟಿಗೆ ಇದು ತಪ್ಪು ಲೆಕ್ಕ. ಕಟ್ಟಡಕ್ಕೆ ಬಾಗಿಲು ಇಡಲು ಯಾರೂ ವಿಶೇಷ ಅನುದಾನ ಕೇಳುವುದಿಲ್ಲ. ಸಿ.ಸಿ. ರಸ್ತೆಯ ಅಂದಾಜಿನಲ್ಲಿ ಜಲ್ಲಿ, ಕಬ್ಬಿಣ, ಕ್ಯೂರಿಂಗ್ ಎಲ್ಲವೂ ಆ ಕಾಮಗಾರಿಯ ಖರ್ಚೇ. ಪಾದಚಾರಿ ಮಾರ್ಗದ ಕೊನೆಯ ಇಳಿಜಾರು, ಬಾಗಿಲಿನ ಅಗಲ, ಹಿಡಿಕಂಬಿ ಇವೂ ಮೂಲ ಕಾಮಗಾರಿಯ ಬಾಬ್ತಿನಲ್ಲೇ ಬರಬೇಕು. ಶೇ 5ರ ಹಣ ವ್ಯಕ್ತಿಗೆ ಬೇಕಾದ ಸಾಧನ, ಚಿಕಿತ್ಸೆ, ಆರೈಕೆಗೆ ಉಳಿಯಲಿ.

ಬೀದಿಗೆ ಬರೋಣ. ಭಾರತೀಯ ರಸ್ತೆ ಕಾಂಗ್ರೆಸ್‌ನ 2012ರ ಮಾರ್ಗಸೂಚಿಯ ಪ್ರಕಾರ ಪಾದಚಾರಿ ಮಾರ್ಗದಲ್ಲಿ ನಡೆಯಲು ಅಡ್ಡಿಯಿಲ್ಲದ ಜಾಗ ಕನಿಷ್ಠ 1.8 ಮೀಟರ್ ಇರಬೇಕು, ಅಂಚಿನ ಎತ್ತರ 15 ಸೆಂಟಿಮೀಟರ್ ಮೀರಬಾರದು. ನಮ್ಮಲ್ಲಿ ಪಾದಚಾರಿ ಮಾರ್ಗವೆಂದರೆ ಬಹಳಷ್ಟು ಕಡೆ ಚರಂಡಿಯ ಮುಚ್ಚಳ. ಚರಂಡಿ ಎಷ್ಟು ಎತ್ತರಕ್ಕೆ ಬಂತೋ ಅಷ್ಟೇ ಇದರ ಎತ್ತರ. ಪ್ರತಿ ಮನೆಯ ಗೇಟಿನ ಮುಂದೆ ಕಾರು ಇಳಿಸಲು ಅದನ್ನು ಒಡೆದು ಇಳಿಜಾರು ಮಾಡಿರುತ್ತಾರೆ. ಹಾಗಾಗಿ ನೂರು ಮೀಟರ್ ನಡೆಯುವವರು ಹತ್ತು ಸಲ ಹತ್ತಿ ಹತ್ತು ಸಲ ಇಳಿಯುತ್ತಾರೆ. ಕಾರಿಗೆ ಇಳಿಜಾರು ಬೇಕು ಎಂಬುದು ಮನೆ ಮಾಲೀಕರಿಗೆ ಯಾವ ಮಾರ್ಗಸೂಚಿಯೂ ಇಲ್ಲದೆ ಹೊಳೆಯುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು. ಬೈಕುಗಳು ಮೇಲೆ ಹತ್ತುತ್ತವೆಂದು ಪಾಲಿಕೆ ಕಂಬ ನೆಡುತ್ತದೆ. ಬೈಕು ಹೇಗೋ ನುಸುಳುತ್ತದೆ, ಗಾಲಿಕುರ್ಚಿ ಸಿಕ್ಕಿಕೊಳ್ಳುತ್ತದೆ.

ಹಳದಿ ಟೈಲ್‌ಗಳ ಕಥೆ ಇನ್ನೂ ವಿಚಿತ್ರ. ದೃಷ್ಟಿ ಇಲ್ಲದವರಿಗಾಗಿ ಇವನ್ನು ಮೊದಲು ಹಾಸಿದ್ದು 1967ರಲ್ಲಿ, ಜಪಾನಿನ ಒಕಾಯಾಮಾದಲ್ಲಿ. ಉದ್ದ ಗೆರೆಯ ಟೈಲ್ ‘ಹೀಗೇ ಮುಂದೆ ಹೋಗಿ’ ಎನ್ನುತ್ತದೆ, ಚುಕ್ಕಿಯ ಟೈಲ್ ‘ನಿಲ್ಲಿ, ಮುಂದೆ ಏನೋ ಇದೆ’ ಎನ್ನುತ್ತದೆ. ಪಾದ ಮತ್ತು ಕೋಲು ಓದುವ ಲಿಪಿ ಇದು. ನಮ್ಮ ಗುತ್ತಿಗೆದಾರರಿಗೆ ಅದು ಅಲಂಕಾರದ ಹಳದಿ ಪಟ್ಟಿ. ಗೆರೆಯ ಟೈಲ್ ನೇರವಾಗಿ ಟ್ರಾನ್ಸ್‌ಫಾರ್ಮರ್ ಕಟ್ಟೆಗೋ ಮರದ ಬುಡಕ್ಕೋ ಹೋಗಿ ನಿಲ್ಲುವುದುಂಟು. ಚುಕ್ಕಿ ಇರಬೇಕಾದಲ್ಲಿ ಗೆರೆ, ಗೆರೆ ಇರಬೇಕಾದಲ್ಲಿ ಚುಕ್ಕಿ. ಅದನ್ನು ನಂಬಿ ನಡೆದವರಿಗಿಂತ ನಂಬದೆ ನಡೆದವರೇ ಕ್ಷೇಮ. ಎಂಜಿನಿಯರ್ ಅಳತೆ ಪುಸ್ತಕದಲ್ಲಿ ಬರೆಯುವುದು ಎಷ್ಟು ಚದರ ಮೀಟರ್ ಟೈಲ್ ಹಾಸಲಾಗಿದೆ ಎಂಬುದನ್ನು. ಅದು ಎಲ್ಲಿಗೆ ಕರೆದೊಯ್ಯುತ್ತದೆ ಎಂಬುದಕ್ಕೆ ಆ ಪುಸ್ತಕದಲ್ಲಿ ಕಾಲಂ ಇಲ್ಲ.

ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆ ಮತ್ತು ಸುತ್ತಲಿನ ‘ಟೆಂಡರ್ ಶ್ಯೂರ್’ ರಸ್ತೆಗಳು ಬೇರೆ ರೀತಿಯೂ ಸಾಧ್ಯ ಎಂದು ತೋರಿಸಿದವು. ಕೇಬಲ್, ಕೊಳವೆಗಳಿಗೆ ಮೊದಲೇ ನೆಲದಡಿ ಜಾಗ ಮಾಡಿ, ಪಾದಚಾರಿ ಮಾರ್ಗವನ್ನು ಅಗಲಗೊಳಿಸಿದ್ದರಿಂದ ಗಾಲಿಕುರ್ಚಿ ಮಾತ್ರವಲ್ಲ, ಮಗುವಿನ ತಳ್ಳುಗಾಡಿ, ಮಂಡಿನೋವಿನ ಅಜ್ಜಿ ಎಲ್ಲರೂ ನಡೆಯುವಂತಾಯಿತು. ದುಬಾರಿ ಎಂಬ ಟೀಕೆ ಬಂತು, ಒಪ್ಪಬಹುದು. ಎಲ್ಲ ಬೀದಿಗೂ ಗ್ರಾನೈಟ್ ಬೇಡ. ಆದರೆ ಮೊದಲು ನೆಲದಡಿಯ ಕೆಲಸ, ಆಮೇಲೆ ಮೇಲಿನ ಹಾಸು ಎಂಬ ಕ್ರಮಕ್ಕೆ ಗ್ರಾನೈಟ್ ಬೇಕಿಲ್ಲ. ಬಿಬಿಎಂಪಿಯ ಜಾಗದಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಐದು ನಗರ ಪಾಲಿಕೆಗಳು ಬಂದಿವೆ. ಅವುಗಳ ಟೆಂಡರ್ ಷರತ್ತುಗಳು ಹೊಸದಾಗಿ ಬರೆಯಲ್ಪಡುವ ಈ ಹೊತ್ತಿನಲ್ಲೇ ಅಂಚಿನ ಎತ್ತರ, ಕಂಬಗಳ ನಡುವಿನ ಅಂತರ, ಟೈಲ್‌ನ ದಿಕ್ಕು ಷರತ್ತಿನೊಳಗೆ ಸೇರಿದರೆ ಮುಂದಿನ ಎಷ್ಟೋ ವರ್ಷಗಳ ಜಗಳ ಉಳಿಯುತ್ತದೆ.

ಚುನಾವಣಾ ಆಯೋಗವನ್ನು ನೋಡಿ. ಮತಗಟ್ಟೆ ನೆಲಮಹಡಿಯಲ್ಲೇ ಇರಬೇಕು, ರ‍್ಯಾಂಪ್ ಇರಬೇಕು ಎಂದು ಅದು ಹೇಳುತ್ತದೆ. ಮತದಾನದ ಹಿಂದಿನ ದಿನ ಶಾಲೆಗೆ ಹಲಗೆಯ ಇಳಿಜಾರು ಬರುತ್ತದೆ, ಗಾಲಿಕುರ್ಚಿ ಬರುತ್ತದೆ, ತಳ್ಳಲು ಸ್ವಯಂಸೇವಕರೂ ಬರುತ್ತಾರೆ. ಮತ ಹಾಕಿದ ಮೇಲೆ ಎಲ್ಲವೂ ಲಾರಿ ಹತ್ತುತ್ತವೆ. ಮರುದಿನ ಅದೇ ಶಾಲೆಗೆ ಬರುವ ಅಂಗವಿಕಲ ಹುಡುಗಿಗೆ ಅದೇ ಮೆಟ್ಟಿಲು. ಮೇಲಿನವರು ಪರಿಶೀಲಿಸುತ್ತಾರೆ ಎಂದು ಗೊತ್ತಿದ್ದರೆ ಸ್ಥಳೀಯ ಆಡಳಿತ ಒಂದು ರಾತ್ರಿಯಲ್ಲಿ ಏನು ಮಾಡಬಲ್ಲದು ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ಗಾಲಿಕುರ್ಚಿಯನ್ನೇ ಇಷ್ಟು ಹೊತ್ತು ಹೇಳಿದ್ದು ಅದು ಕಣ್ಣಿಗೆ ಕಾಣುತ್ತದೆ ಎಂಬ ಕಾರಣಕ್ಕೆ. 2011ರ ಜನಗಣತಿ ಕರ್ನಾಟಕದಲ್ಲಿ ಗುರುತಿಸಿದ ಅಂಗವಿಕಲರು 13.24 ಲಕ್ಷ. 21 ಬಗೆಯ ಹೊಸ ಪಟ್ಟಿ ಬರುವ ಮೊದಲಿನ ಎಣಿಕೆ ಅದು. ಇವರಲ್ಲಿ ಅನೇಕರಿಗೆ ಅಡ್ಡವಾಗುವುದು ಮೆಟ್ಟಿಲಲ್ಲ, ಮಾಹಿತಿ. ಪುರಸಭೆಯ ಪ್ರಕಟಣೆಯನ್ನು ಮುದ್ರಿಸಿ, ಸಹಿ ಹಾಕಿ, ಮತ್ತೆ ಸ್ಕ್ಯಾನ್ ಮಾಡಿ ಜಾಲತಾಣಕ್ಕೆ ಏರಿಸುತ್ತಾರೆ. ಪರದೆ ಓದುವ ತಂತ್ರಾಂಶಕ್ಕೆ ಅದು ಬರೀ ಚಿತ್ರ. ಮೂಲ ಕಡತವನ್ನೇ ಕೊಟ್ಟರೂ ಅದು ಯುನಿಕೋಡ್‌ನಲ್ಲಿರದೆ ಹಳೆಯ ಫಾಂಟ್‌ನಲ್ಲಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕೇಳಿಸುತ್ತವೆ. ಕನ್ನಡ ಓದಿ ಹೇಳುವ ತಂತ್ರಾಂಶ ಉಚಿತವಾಗಿ ಸಿಗುವ ಕಾಲದಲ್ಲಿ, ಅಂಧ ನಾಗರಿಕರೊಬ್ಬರು ತಮ್ಮದೇ ವಾರ್ಡಿನ ನೀರಿನ ದರ ತಿಳಿಯಲು ಪಕ್ಕದ ಮನೆಯ ಹುಡುಗನನ್ನು ಕರೆಯಬೇಕು. ಇದನ್ನು ಸರಿಪಡಿಸಲು ಒಂದು ರೂಪಾಯಿ ಅನುದಾನವೂ ಬೇಡ. ಕಡತವನ್ನು ಯುನಿಕೋಡ್‌ನಲ್ಲಿ ಸಿದ್ಧಪಡಿಸಿ ನೇರವಾಗಿ ಏರಿಸಿ ಎಂಬ ಮುಖ್ಯಾಧಿಕಾರಿಯ ಒಂದು ಸುತ್ತೋಲೆ ಸಾಕು. ಕಿವುಡರ ಪಾಲಿಗೆ ಸಹಾಯವಾಣಿ ಎಂದರೆ ಬರೀ ಫೋನ್ ನಂಬರ್ ಆಗಿರುವುದು, ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕುವ ಕಿಂಡಿ ಕಟ್ಟೆಯ ಮೇಲೆ ಎದೆಯೆತ್ತರದಲ್ಲಿರುವುದು, ಅಂಗವಿಕಲರ ಶೌಚಾಲಯಕ್ಕೆ ಬೀಗ ಹಾಕಿ ಪೊರಕೆ, ಬ್ಲೀಚಿಂಗ್ ಪುಡಿ ತುಂಬಿಡುವುದು ಇವೆಲ್ಲ ಇದೇ ಜಾತಿಯವು.

ಹಾಗಾದರೆ ಏನು ಮಾಡಬೇಕು? ನನ್ನ ಸಲಹೆ ಒಂದೇ. ಸಾರ್ವಜನಿಕರು ಬಳಸುವ ಯಾವುದೇ ಕಾಮಗಾರಿಯ ಅಂತಿಮ ಬಿಲ್ ಪಾಸಾಗುವ ಮೊದಲು ಅದನ್ನು ಒಬ್ಬ ಅಂಗವಿಕಲ ವ್ಯಕ್ತಿ ಸ್ವತಃ ಬಳಸಿ ನೋಡಿ ಸಹಿ ಹಾಕಬೇಕು. ಆ ಸಹಿ ಇಲ್ಲದೆ ಹಣ ಬಿಡುಗಡೆಯಾಗಬಾರದು. ಗುತ್ತಿಗೆದಾರರಿಗೆ ಕಾಯ್ದೆಯ ಸೆಕ್ಷನ್ ಅರ್ಥವಾಗದಿರಬಹುದು, ತಡೆಹಿಡಿದ ಬಿಲ್ ಚೆನ್ನಾಗಿ ಅರ್ಥವಾಗುತ್ತದೆ. ಖಾಸಗಿ ಮಳಿಗೆ, ಆಸ್ಪತ್ರೆ, ಕಲ್ಯಾಣ ಮಂಟಪಗಳಿಗೆ ಸ್ವಾಧೀನಾನುಭವ ಪತ್ರ ಕೊಡುವಾಗಲೂ ಇದೇ ಕ್ರಮ ಇರಲಿ. ಕಾಯ್ದೆ ಮುರಿದರೆ ಮೊದಲ ತಪ್ಪಿಗೆ 10,000 ರೂಪಾಯಿವರೆಗೆ ದಂಡ. ಮತ್ತೆ ಮಾಡಿದರೆ 50,000ಕ್ಕೆ ಕಡಿಮೆಯಿಲ್ಲದಂತೆ 5 ಲಕ್ಷದವರೆಗೆ. ಕಟ್ಟಿ ಮುಗಿದ ಮೇಲೆ ದಂಡ ವಸೂಲಿಗೆ ಓಡುವುದಕ್ಕಿಂತ ಪತ್ರ ತಡೆಹಿಡಿಯುವುದು ಸುಲಭ.

ಸಹಿ ಹಾಕುವವರನ್ನು ಎಲ್ಲಿಂದ ತರುವುದು ಎಂದು ಕೇಳುವ ಅಗತ್ಯ ಕರ್ನಾಟಕಕ್ಕೆ ಇಲ್ಲ. ನಮ್ಮಲ್ಲಿ ಗ್ರಾಮ ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಹಳ್ಳಿಯವರ ಬಾಯಲ್ಲಿ ‘ವಿಆರ್‌ಡಬ್ಲ್ಯು’. ತಾಲ್ಲೂಕಿಗೆ ವಿವಿಧೋದ್ದೇಶ ಕಾರ್ಯಕರ್ತರು, ಪಟ್ಟಣಗಳಿಗೆ ನಗರ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಅವರಲ್ಲಿ ಹೆಚ್ಚಿನವರು ಸ್ವತಃ ಅಂಗವಿಕಲರು. ಗೌರವಧನಕ್ಕೆ ದುಡಿಯುವ ಇವರ ಕೈಯಲ್ಲಿ ಗುರುತಿನ ಚೀಟಿ, ಮಾಸಾಶನ, ಸಮೀಕ್ಷೆ ಎಂದು ಕಾಗದದ ಕೆಲಸವನ್ನೇ ಮಾಡಿಸುತ್ತಿದ್ದೇವೆ. ಯಾವ ಮನೆಯಲ್ಲಿ ಯಾರಿದ್ದಾರೆ, ಯಾವ ತಿರುವಿನಲ್ಲಿ ಸ್ಲ್ಯಾಬ್ ಮುರಿದಿದೆ ಎಂದು ಇವರಷ್ಟು ತಿಳಿದವರು ಪಂಚಾಯಿತಿಯಲ್ಲಿ ಇನ್ನೊಬ್ಬರಿಲ್ಲ. ವರ್ಷಕ್ಕೊಮ್ಮೆ ಅಂಗವಿಕಲರಿಗಾಗಿ ನಡೆಸುವ ವಿಶೇಷ ಗ್ರಾಮಸಭೆಯಲ್ಲಿ ಆ ವರ್ಷ ಸಹಿಯಾದ ಮತ್ತು ಸಹಿ ನಿರಾಕರಿಸಿದ ಕಾಮಗಾರಿಗಳ ಪಟ್ಟಿ ಓದಿದರೆ, ಕಾಯ್ದೆಯ 48ನೇ ಸೆಕ್ಷನ್ ಕೇಳುವ ಸಾಮಾಜಿಕ ಪರಿಶೋಧನೆಗೂ ಒಂದು ಅರ್ಥ ಬಂದೀತು. ಗ್ರಾಮಸಭೆಯನ್ನು ಮೆಟ್ಟಿಲಿಲ್ಲದ ಜಾಗದಲ್ಲಿ ನಡೆಸಬೇಕೆಂದು ಬೇರೆ ಹೇಳಬೇಕಾಗಿಲ್ಲ ಎಂದುಕೊಳ್ಳೋಣ.

ಇದಕ್ಕೆ ಬರುವ ಗಟ್ಟಿಯಾದ ಆಕ್ಷೇಪ ನನಗೆ ಗೊತ್ತಿದೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಮಾತಿನಂತೆ ನಡೆಯಬೇಕಾದ, ಗೌರವಧನವೂ ತಡವಾಗಿ ಕೈಸೇರುವ ಕಾರ್ಯಕರ್ತೆಯೊಬ್ಬರು ಅಧ್ಯಕ್ಷರ ಸಂಬಂಧಿಕರ ಕಾಮಗಾರಿಗೆ ‘ಇದು ಸರಿಯಿಲ್ಲ’ ಎಂದು ಬರೆದಾರೆಯೇ? ಬರೆಯುವುದು ಕಷ್ಟ. ಆದ್ದರಿಂದ ಒಂದು ಪಂಚಾಯಿತಿಯ ಕಾಮಗಾರಿಯನ್ನು ಇನ್ನೊಂದು ಪಂಚಾಯಿತಿಯ ಕಾರ್ಯಕರ್ತರು ನೋಡಬೇಕು. ಗಾಲಿಕುರ್ಚಿ ಬಳಸುವವರೊಬ್ಬರು, ದೃಷ್ಟಿ ಇಲ್ಲದವರೊಬ್ಬರು ಜೊತೆಯಾಗಿ ಹೋದರೆ ಇನ್ನೂ ಒಳ್ಳೆಯದು, ಒಬ್ಬರಿಗೆ ತಿಳಿಯದ ಅಡ್ಡಿ ಇನ್ನೊಬ್ಬರಿಗೆ ಎಡವಿದಾಗ ತಿಳಿಯುತ್ತದೆ. ತಮಿಳುನಾಡು 2025ರಲ್ಲಿ ಕಾಯ್ದೆ ತಿದ್ದಿ ಸ್ಥಳೀಯ ಸಂಸ್ಥೆಗಳಿಗೆ ಅಂಗವಿಕಲರನ್ನು ನಾಮನಿರ್ದೇಶನ ಮಾಡಲು ದಾರಿ ಮಾಡಿತು. ಸಭೆಯಲ್ಲಿ ಅಂಥ ಒಂದು ಕುರ್ಚಿ ಇದ್ದರೆ ನಿರಾಕರಿಸಿದ ಸಹಿಯನ್ನು ಮುಚ್ಚಿಹಾಕುವುದು ಕಷ್ಟವಾಗುತ್ತದೆ. ನಿರಾಕರಣೆಯ ಒಂದು ಪ್ರತಿ ಪಿಡಿಒ ಮೇಜಿನಲ್ಲಿ ಉಳಿಯದೆ ನೇರವಾಗಿ ರಾಜ್ಯದ ಅಂಗವಿಕಲರ ಆಯುಕ್ತರಿಗೆ ಹೋಗಬೇಕು. ಅವರಿಗೆ ಸಿವಿಲ್ ನ್ಯಾಯಾಲಯದಂತೆ ಅಧಿಕಾರಿಯನ್ನು ಕರೆಸಿ ದಾಖಲೆ ಕೇಳುವ ಅಧಿಕಾರವಿದೆ. ಕೇಳಲು ಈಗ ಬೇಕಿರುವುದು ಯಾವ ಕಾಮಗಾರಿ, ಯಾವ ಬಿಲ್ಲು, ಎಷ್ಟು ಅಡಿಯ ರ‍್ಯಾಂಪ್ ಎಂಬ ನಿರ್ದಿಷ್ಟ ವಿವರ.