ಧರ್ಮಯುದ್ಧವೋ, ರಾಜ್ಯಲೋಭವೋ?

ಹದಿನಾರನೆಯ ಶತಮಾನದಲ್ಲಿ ಯೂರೋಪಿನ ಕ್ರೈಸ್ತ ಪ್ರಭುಗಳಿಗೂ ತುರ್ಕಿಯ ಸುಲ್ತಾನರಿಗೂ ನಡೆದ ಕಲಹವನ್ನು ಎರಡು ಮತಗಳ ಸಂಗ್ರಾಮವೆಂದು ವರ್ಣಿಸುವ ಪದ್ಧತಿಯು ನಮ್ಮ ವಿದ್ಯಾವಂತರಲ್ಲಿಯೂ ಬೇರೂರಿದೆ. ಮಾತು ಕಿವಿಗೆ ಸೊಗಸಾಗಿದೆ. ಚರಿತ್ರೆಯ ಒರೆಗಲ್ಲಿಗೆ ಹಚ್ಚಿದೊಡನೆ ಬಣ್ಣಗೆಡುತ್ತದೆ.

1525ರಲ್ಲಿ ಪಾವಿಯಾ ರಣರಂಗದಲ್ಲಿ ಫ್ರಾನ್ಸಿನ ದೊರೆ ಒಂದನೆಯ ಫ್ರಾನ್ಸಿಸನನ್ನು ಸೆರೆಹಿಡಿದವರಾರು? ತುರ್ಕರಲ್ಲ, ಕ್ರೈಸ್ತ ಚಕ್ರವರ್ತಿ ಐದನೆಯ ಚಾರ್ಲ್ಸನ ಭಟರು. 1527ರಲ್ಲಿ ರೋಮ್ ನಗರವನ್ನು ಸೂರೆಗೈದು, ಪೋಪ್ ಏಳನೆಯ ಕ್ಲೆಮೆಂಟನನ್ನು ಸಂತ ಆಂಜೆಲೋ ದುರ್ಗದಲ್ಲಿ ಬಂಧಿಯನ್ನಾಗಿಸಿದುದೂ ಅದೇ ಚಕ್ರವರ್ತಿಯ ಸಂಬಳ ಕಾಣದ ಸೇನೆಯೇ. ಇತ್ತ 'ಪರಮ ಕ್ರೈಸ್ತ'ನೆಂಬ ಬಿರುದನ್ನು ಹೊತ್ತ ಫ್ರಾನ್ಸಿಸನು ಸುಲ್ತಾನ್ ಸುಲೇಮಾನನ ಸಖ್ಯವನ್ನು ಬೇಡಿದನು. 1543ರಲ್ಲಿ ಖೈರುದ್ದೀನ್ ಬಾರ್ಬರೋಸನ ನೌಕಾಬಲವು ಫ್ರೆಂಚರೊಡಗೂಡಿ ಕ್ರೈಸ್ತರದೇ ಆದ ನೀಸ್ ಪಟ್ಟಣವನ್ನು ಮುತ್ತಿತು. ಆ ಬಲವು ಚಳಿಗಾಲವನ್ನು ಕಳೆಯಲೆಂದು ಟೂಲೋನಿನ ನಿವಾಸಿಗಳಲ್ಲಿ ಬಹುಮಂದಿಯನ್ನು ದೊರೆಯೇ ಊರು ಬಿಡಿಸಿದನು.

ಮುಸಲ್ಮಾನ ಪ್ರಭುಗಳ ನಡೆಯಾದರೂ ಬೇರೆಯಾಗಿತ್ತೇ? ಸುಲ್ತಾನ್ ಸಲೀಮನು 1514ರಲ್ಲಿ ಚಾಲ್ದಿರಾನಿನಲ್ಲಿ ಪಾರಸೀಕದ ಷಹ ಇಸ್ಮಾಯಿಲನನ್ನು ಸೋಲಿಸಿದನು. 1516 ಮತ್ತು 1517ರಲ್ಲಿ ಸಿರಿಯಾ, ಈಜಿಪ್ತಗಳನ್ನು ಮಮ್ಲೂಕರಿಂದ ಕಸಿದುಕೊಂಡನು. ಅವನ ಮಗ ಸುಲೇಮಾನನು 1534ರಲ್ಲಿ ಬಾಗ್ದಾದನ್ನು ಹಿಡಿದನು. ತುರ್ಕರ ಬೆನ್ನಿಗೆ ಶತ್ರುವನ್ನು ನಿಲ್ಲಿಸಲೆಂದು ಚಾರ್ಲ್ಸನು ಪಾರಸೀಕಕ್ಕೆ ದೂತರನ್ನು ಅಟ್ಟಿದನು!

ಲೆಪಾಂಟೋ ಕದನವನ್ನು ಮುಂದೊಡ್ಡುವವರುಂಟು. 1571ರ ಅಕ್ಟೋಬರ್ 7ರಂದು ಕ್ರೈಸ್ತಕೂಟವು ತುರ್ಕರ ನೌಕಾಪಡೆಯನ್ನು ಮುರಿದುದು ನಿಜ. ಆದರೆ ಆ ಕೂಟದ ಅಂಗವಾಗಿದ್ದ ವೆನಿಸ್ 1573ರಲ್ಲಿ ಮಿತ್ರರನ್ನು ತೊರೆದು, ಸೈಪ್ರಸ್ ದ್ವೀಪವನ್ನು ಬಿಟ್ಟುಕೊಟ್ಟು, 3,00,000 ಡ್ಯುಕಾಟುಗಳನ್ನು ತೆತ್ತು, ಸುಲ್ತಾನನೊಡನೆ ಸಂಧಿ ಮಾಡಿಕೊಂಡಿತು. ವ್ಯಾಪಾರದ ಮುಂದೆ ಧರ್ಮಯುದ್ಧದ ಪ್ರತಿಜ್ಞೆ ಎರಡು ವರ್ಷವೂ ಬಾಳಲಿಲ್ಲ.

ಮತಾವೇಶವು ಇರಲೇ ಇಲ್ಲವೆಂಬುದು ನಮ್ಮ ವಾದವಲ್ಲ. ಅದು ಇದ್ದಿತು, ಪ್ರಾಣ ಕೊಡುವ ಸಾಮಾನ್ಯನ ಎದೆಯಲ್ಲಿ ಪ್ರಾಮಾಣಿಕವಾಗಿಯೇ ಇದ್ದಿತು. ಆ ಕಿಚ್ಚನ್ನು ತಮ್ಮ ಒಲೆಗೆ ಹೊತ್ತಿಸಿಕೊಂಡವರು ಅರಸರು. ಎರಡು ಪಕ್ಷದ ಹಡಗುಗಳಲ್ಲಿಯೂ ಅನ್ಯಮತದ ಬಂದಿಗಳು ಸಂಕೋಲೆ ತೊಟ್ಟು ಹುಟ್ಟು ಹಾಕುತ್ತಿದ್ದರು. ಅವರ ಪಾಲಿಗೆ ಗೆಲವು ಯಾವುದು, ಸೋಲು ಯಾವುದು?

ಅರಸರ ಲೋಭವನ್ನು ಮತದ ತಲೆಗೆ ಕಟ್ಟಿ ಮಕ್ಕಳಿಗೆ ಚರಿತ್ರೆಯನ್ನು ಕಲಿಸಿದರೆ, ಅರಸರು ಅಳಿದರೂ ದ್ವೇಷವು ಅಳಿಯದು. ನೆರೆಮನೆಯವನೇ ಹಳೆಯ ಸುಲ್ತಾನನಾಗಿಯೋ ಚಕ್ರವರ್ತಿಯಾಗಿಯೋ ಕಾಣತೊಡಗುವನು. ಆದುದರಿಂದ ವಾಚಕರು 'ಧರ್ಮಯುದ್ಧ'ವೆಂಬ ಶಬ್ದವನ್ನು ಕಂಡಲ್ಲೆಲ್ಲ ಒಂದು ಪ್ರಶ್ನೆಯನ್ನು ಕೇಳುವ ಅಭ್ಯಾಸವನ್ನು ಮಾಡಿಕೊಳ್ಳಲಿ: ಇದರಿಂದ ಯಾರ ಬೊಕ್ಕಸ ತುಂಬಿತು?